ಥ್ರೆಲ್ಫಾಲನ ಮುಂದೆ-ಹಿಂದೆ

ಪುಟ್ಟ ಉಗಿಬಂಡಿಗಳನ್ನು ಕೈಯಾರೆ ಮಾಡಿ ಓಡಿಸುವ ನಮ್ಮ ಲ್ಯಾಂಕಾಶೈರಿನ ಕ್ಲಬ್ಬಿನಲ್ಲಿ ಹೋರೇಸ್ ಥ್ರೆಲ್ಫಾಲನಿಗೆ ಯಾರೂ ಎದುರಾಡುವುದಿಲ್ಲ. ಎದುರಾಡಿದರೆ ಅವನು ತನ್ನ ವಾದವನ್ನು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಒಂದೇ ಎಂಜಿನ್ನಿನ ವಾಲ್ವ್ ಗೇರಿಗೆ ಅವನು ಹನ್ನೊಂದು ವರ್ಷ ಸುರಿದ. ಸಿಲಿಂಡರಿಗೆ ಹೊತ್ತು ನೋಡಿ ಉಗಿ ಬಿಡುವ ಆ ಸಣ್ಣ ಸರಳುಗಳನ್ನು ಅರದಿಂದ ಉಜ್ಜುತ್ತಾ, ನನ್ನ ಎಂಜಿನ್ ಕಂಡಾಗಲೆಲ್ಲ, "ಇದೇನಯ್ಯಾ, ಗೇಟಿನ ಚಿಲಕ ಕಿತ್ತು ತಂದು ಹಾಕಿದೀಯಾ?" ಅನ್ನುತ್ತಿದ್ದ.

ಕಳೆದ ಭಾನುವಾರ ಅವನ ಎಂಜಿನ್ ಹಳಿಗೆ ಇಳಿಯಿತು. ಥ್ರೆಲ್ಫಾಲ್ ಹಿಂದಿನ ಟ್ರಾಲಿಯಲ್ಲಿ ಕೂತು, ಲಿವರನ್ನು 'ಮುಂದೆ' ಎಂದು ಕೆತ್ತಿದ್ದ ಕಡೆಗೆ ತಳ್ಳಿ, ಉಗಿ ಬಿಟ್ಟ. ಎಂಜಿನ್ ತಾಳ ತಪ್ಪದೆ, ಬಲು ಸೊಗಸಾಗಿ, ಅವನನ್ನು ಹಿಂದಕ್ಕೆ ತಳ್ಳಿಕೊಂಡು ಟೀ ಅಂಗಡಿಯ ತನಕ ಹೋಯಿತು.

"ಬನ್ನಿ ಹೋರೇಸ್, ಇವತ್ತು ಬೇಗನೇ ಬಂದ್ರಿ. ಸಕ್ಕರೆ ಎಷ್ಟು?" ಎಂದಳು ಟೀ ಕಾಸುವ ಮೇವಿಸ್.

ನೋಡಿದರೆ, ಆ ಸರಳುಗಳನ್ನು ಆಡಿಸುವ, ಚಕ್ರದ ಮೇಲಿನ ಪುಟ್ಟ ಕ್ರ್ಯಾಂಕನ್ನು ಎರಡೂ ಬದಿಯಲ್ಲಿ ಉಲ್ಟಾ ಕೂರಿಸಿದ್ದ; ಅದಕ್ಕೇ ಎಂಜಿನ್ ಹಿಂದುಮುಂದಾಗಿ ಓಡಿತ್ತು.

"ಬಿಚ್ಚಿ ತಿರುಗಿಸಿ ಹಾಕು ಮಾರಾಯ, ಅರ್ಧ ದಿನದ ಕೆಲಸ" ಎಂದೆ.

"ಚಿಲಕ ಮಾಡೋನು ನನಗೆ ಹೇಳಿಕೊಡ್ತಾನೆ!" ಎಂದ.

ಈ ಭಾನುವಾರ ಮತ್ತೆ ಬಂದ. ಕ್ರ್ಯಾಂಕನ್ನು ಮುಟ್ಟಿಯೂ ಇರಲಿಲ್ಲ. ಲಿವರಿನ ಪಕ್ಕ ಹೊಸ ಹಿತ್ತಾಳೆ ಫಲಕ ಮಿರಮಿರ ಮಿಂಚುತ್ತಿತ್ತು: 'ಮುಂದೆ' ಇದ್ದಲ್ಲಿ 'ಹಿಂದೆ', 'ಹಿಂದೆ' ಇದ್ದಲ್ಲಿ 'ಮುಂದೆ'.

"ಅಕ್ಷರ ತಪ್ಪಿತ್ತು, ಅಷ್ಟೇ" ಎಂದ.

ಹನ್ನೊಂದು ವರ್ಷದಲ್ಲಿ ಥ್ರೆಲ್ಫಾಲ್ ಒಪ್ಪಿಕೊಂಡ ಮೊದಲನೆಯ ತಪ್ಪು ಅದು. ಅದೂ ಅವನು ಮಾಡದೇ ಇದ್ದ ತಪ್ಪು.