ಬೇವಿನ ಗಿಡಕ್ಕೆ ಕಟ್ಟಿದ ಹಳಿ

ಕುಷ್ಟಗಿಗೆ ಆಗ ರೈಲು ಇರಲಿಲ್ಲ. ರೈಲು ನೋಡಬೇಕೆಂದರೆ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗಬೇಕಿತ್ತು. ಆದರೂ ನಮ್ಮ ಮನೆಯ ಮುಂದಿನ ಬೇವಿನ ಗಿಡಕ್ಕೆ ರೈಲು ಹಳಿಯ ತುಂಡೊಂದು ತೂಗುತ್ತಿತ್ತು. ಆಯ್ತವಾರ ಬೆಳಿಗ್ಗೆ ಒಂಬತ್ತು ಹೊಡೆಯುವ ಹೊತ್ತಿಗೆ ವಯಸ್ಸಾದವರೊಬ್ಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಗೆ ಬಂದು, ಕಬ್ಬಿಣದ ಸಲಾಕೆಯಿಂದ ಅದನ್ನು ಬಾರಿಸುತ್ತಿದ್ದರು. ಬಾರಿಸಿ, ಓಣಿಯ ಆ ತುದಿ ಈ ತುದಿ ನೋಡಿ, ಒಳಗೆ ಹೋಗಿ ಆರಾಧನೆ ಶುರು ಮಾಡುತ್ತಿದ್ದರು. ಒಳಗೆ ಕೂತಿರುತ್ತಿದ್ದವರು ಅವರ ಹೆಂಡತಿ ಒಬ್ಬರೇ.

ಅವರು ನಮ್ಮ ಮುಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದರು. ಗಂಡ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು, ಹೆಂಡತಿ ಮಿಶನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಮಕ್ಕಳೆಲ್ಲ ದಡ ಸೇರಿದ ಮೇಲೆ ಅವರ ಕ್ರೈಸ್ತ ಸಭೆಯವರು, ನಮ್ಮವರು ಯಾರೂ ಇಲ್ಲದ ಊರಿಗೆ ಹೋಗಿ ಸೇವೆ ಮಾಡುವವರು ಬೇಕಾಗಿದ್ದಾರೆ ಎಂದಾಗ, ಇಬ್ಬರೂ ಒಟ್ಟಿಗೇ ಕೈ ಎತ್ತಿದರಂತೆ. ಸಂಬಳ ಇಲ್ಲ, ಪಿಂಚಣಿಯಲ್ಲೇ ಊಟ. ಸುಖವಾಗಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಇರುವುದು ಬಿಟ್ಟು ನಮ್ಮ ಈ ಬಿಸಿಲೂರಿಗೆ ಬಂದರಲ್ಲ, ಇವರಿಗೆ ತಲೆ ಕೆಟ್ಟಿದೆಯೇ ಎಂದು ನನಗೆ ಮೊದಮೊದಲು ಅನಿಸುತ್ತಿತ್ತು. ಓಣಿಯವರು ಅವರನ್ನು ಮಾಸ್ತರ್ರು, ನರ್ಸಮ್ಮಾರು ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಮಾಸ್ತರರು ಬೆಳಿಗ್ಗೆ ಎದ್ದು ತಾವೇ ಅಂಗಳ ಗುಡಿಸುತ್ತಿದ್ದರು, ತಾವೇ ಬೋರಿಂಗಿಗೆ ಹೋಗಿ ನೀರು ತರುತ್ತಿದ್ದರು. ಅದಾದರೂ ಹೋಗಲಿ ಎನ್ನಬಹುದಿತ್ತು. ಊಟವಾದ ಮೇಲೆ ಹಿತ್ತಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೂದಿ ಹಚ್ಚಿ ಮುಸುರೆ ತಿಕ್ಕುತ್ತಿದ್ದರು. ಗಂಡಸು ಮುಸುರೆ ತಿಕ್ಕುವುದನ್ನು ನಮ್ಮ ಓಣಿ ಕಂಡಿರಲಿಲ್ಲ. ನಮ್ಮತ್ತೆಗಂತೂ ತಡೆಯಲಿಲ್ಲ. ಆಕೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು, ಎರೆ ಹೊಲ, ಎತ್ತು, ಆಳು, ಮಗನಾದ ನನ್ನ ಗಂಡ ಎಲ್ಲವನ್ನೂ ಒಂದೇ ಬಾಯಲ್ಲಿ ಆಳಿದ ಹೆಂಗಸು.

"ಅಲ್ರಿ ಮಾಸ್ತರ, ಮನ್ಯಾಗ ಹೆಣಮಗಳು ಇದ್ದೂ ನೀವ್ಯಾಕ ಮುಸುರಿ ತಿಕ್ಕತೀರಿ? ನೋಡಿದವರು ಏನಂದಾರು?"

"ಇಷ್ಟು ವರ್ಷ ಆಕಿ ಡ್ಯೂಟಿ ಮಾಡ್ಯಾಳ್ರಿ ಅಕ್ಕಾರ. ಈಗ ನನ್ನ ಪಾಳಿ," ಎಂದು ಅವರು ತಲೆ ಎತ್ತದೆ ಹೇಳಿದರು.

ಅವರ ಮಾತೆಲ್ಲ ಹೀಗೇ ರೈಲಿನ ಮೇಲೇ ಹೋಗುತ್ತಿತ್ತು. ಗೋಡೆಯ ಮೇಲೆ ಕೀಲಿ ಕೊಡುವ ಗಡಿಯಾರ ಇತ್ತು, ಅದನ್ನು ದಿನಾ ರೇಡಿಯೋಕ್ಕೆ ತಾಳೆ ಹಾಕುತ್ತಿದ್ದರು. ಚಹಾಕ್ಕೆ ಹೊತ್ತು, ಸತ್ಯವೇದ ಓದಲಿಕ್ಕೆ ಹೊತ್ತು, ಹೆಂಡತಿಯ ಜೊತೆ ಜಗಳಕ್ಕೂ ಹೊತ್ತು ಎಂದು ನರ್ಸಮ್ಮ ಚಾಷ್ಟಿ ಮಾಡುತ್ತಿದ್ದರು. ಒಮ್ಮೆ ನಾನು ಕೇಳಿಯೇ ಬಿಟ್ಟೆ: ಒಬ್ಬರೂ ಬರುವುದಿಲ್ಲ, ಯಾಕೆ ಆ ಹಳಿ ಬಾರಿಸುತ್ತೀರಿ?

"ಮಂದಿ ಬರಲಿ ಬಿಡಲಿ, ಗಾಡಿ ಹೊತ್ತಿಗೆ ಬಿಡಬೇಕವಾ," ಎಂದರು. "ಖಾಲಿ ಐತಿ ಅಂತ ಗಾಡಿ ನಿಲ್ಲಸಾಕ ಬರ್ತೈತೇನು?"

ಬನ್ನಿ ಎಂದು ಅವರು ಯಾರನ್ನೂ ಕರೆದಿದ್ದು ನಾನು ಕೇಳಲಿಲ್ಲ. ಯಾರಾದರೂ ಕೇಳಿದರೆ ತಮ್ಮ ದೇವರ ಬಗ್ಗೆ ಮನಸಾರೆ ಹೇಳುತ್ತಿದ್ದರು, ಕೇಳದಿದ್ದರೆ ಜೋಳದ ಬಗ್ಗೆ ಮಾತಾಡುತ್ತಿದ್ದರು. ನಮ್ಮತ್ತೆಗೆ ಮಾತ್ರ ಆ ಹಳಿಯ ಸದ್ದು ಕೇಳಿದರಾಗುತ್ತಿರಲಿಲ್ಲ. ಆಯ್ತವಾರ ಆಕೆ ಪೂಜೆಗೆ ಕೂರುವ ಹೊತ್ತಿಗೇ ಅದು ಬಡಿದುಕೊಳ್ಳುತ್ತಿತ್ತು. "ಒಂದಿನ ಆ ಕಬ್ಬಣ ಬಿಚ್ಚಿ ಕಮ್ಮಾರಗ ಕೊಡ್ತೀನಿ. ಹೊಲಾ ಹರಗೋ ಕುಂಟಿಗರ ಆದೀತು," ಎಂದು ಗೊಣಗುತ್ತಿದ್ದಳು.

ನರ್ಸಮ್ಮನ ಕೆಲಸ ಬೇರೆ ಥರ. ಡೆಟಾಲು, ಕತ್ತರಿ, ಹತ್ತಿ ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಬಸುರಿ ಬಾಣಂತಿಯರ ಮನೆ ಮನೆಗೆ ಹೋಗುತ್ತಿದ್ದರು. ಬಿಸಿಲಿದ್ದರೆ ಮಾಸ್ತರರು ಪಕ್ಕದಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದರು. ಹೆಂಡತಿ ಒಳಗೆ ಹೋದರೆ ಇವರು ಕಟ್ಟೆಯ ಮೇಲೆ ಮುದುಕರ ಜೊತೆ ಹರಟೆ ಹೊಡೆಯುತ್ತಾ ಕಾಯುತ್ತಿದ್ದರು. ಊರ ಹೊರಗಿನ ಕೇರಿಗೂ ಹೋಗುತ್ತಿದ್ದರು, ಅಲ್ಲೇ ಉಂಡು ಬರುತ್ತಿದ್ದರು. ಅದಕ್ಕೇ ನಮ್ಮತ್ತೆ ನರ್ಸಮ್ಮನನ್ನು ಅಡುಗೆಮನೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದು ಗೊತ್ತಿದ್ದ ನರ್ಸಮ್ಮ ತಾವೇ ಹೊಸ್ತಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದರು. ಮುಖದಲ್ಲಿ ಒಂದಿಷ್ಟೂ ಬೇಸರ ಇರುತ್ತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಹೊಸ್ತಿಲ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಇನ್ನು ನನ್ನ ಕಥೆ. ನನ್ನ ತವರು ಗಂಗಾವತಿ ಕಡೆ, ನವಲಿಯ ಹತ್ತಿರ. ಭತ್ತದ ಗದ್ದೆಯ ಹುಡುಗಿ ನಾನು, ರೊಟ್ಟಿ ಬಡಿಯುವುದನ್ನು ಕಲಿತದ್ದೇ ಕುಷ್ಟಗಿಯಲ್ಲಿ. ಎರಡು ಸಲ ಬಸುರಾಗಿ, ಪದ್ಧತಿಯಂತೆ ಹಡೆಯಲಿಕ್ಕೆ ತವರಿಗೆ ಹೋಗಿ, ಎರಡು ಸಲವೂ ಬರಿಗೈಲಿ ವಾಪಸು ಬಂದಿದ್ದೆ. ಎರಡನೆಯದು ಉಸಿರಾಡಿ ಒಂದು ಹಗಲು ಬದುಕಿತ್ತು. ಅದನ್ನು ಇಲ್ಲಿ ಹೆಚ್ಚು ಬರೆಯಲಾರೆ. ಮೂರನೆಯ ಸಲ ಬಸಿರು ನಿಂತಾಗ ನರ್ಸಮ್ಮ ನನ್ನ ಕಾಲ ಊತ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಪ್ಪು ಕಡಿಮೆ ಮಾಡಿಸಿದರು. ದಿನಾ ಹೊಟ್ಟೆಗೆ ಕಿವಿ ಕೊಟ್ಟು ಕೇಳಿ "ಒಳಗ ಛಲೋ ಐತಿ ನೋಡವಾ," ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ನಾನು ಮರುದಿನದವರೆಗೆ ಬದುಕುತ್ತಿದ್ದೆ. ನಮ್ಮತ್ತೆ ನನ್ನ ಅವ್ವನಿಗೆ ಹೇಳಿ ಕಳಿಸಿದಳು: "ಈ ಸಲ ಹುಡಿಗಿನ್ನ ಎಲ್ಲೂ ಕಳಸಂಗಿಲ್ಲ. ನರ್ಸಮ್ಮನ ಕೈಯಾಗ ಹಡೀತಾಳ."

ಏಳು ತಿಂಗಳು ತುಂಬಿದ್ದಾಗ ನರ್ಸಮ್ಮ ಹೊಸ್ತಿಲಲ್ಲಿ ನಿಂತು ಸಪ್ಪೆ ಮುಖದಿಂದ ಸುದ್ದಿ ಹೇಳಿದರು. ಬರುವ ಆಯ್ತವಾರ ಅವರ ಸಭೆಯ ಹಿರಿಯರೊಬ್ಬರು ಬರುತ್ತಾರೆ. ಯಲಬುರ್ಗಾದಲ್ಲಿ ಅವರ ಸಭೆಯ ಕೆಲವು ಕುಟುಂಬಗಳಿವೆ, ಅವರಿಗೆ ಆರಾಧನೆ ನಡೆಸಲಿಕ್ಕೆ ಯಾರೂ ಇಲ್ಲ. ಕುಷ್ಟಗಿಯಲ್ಲಿ ಜನ ಸೇರದಿದ್ದರೆ ಇವರನ್ನು ಅಲ್ಲಿಗೆ ಕಳಿಸುತ್ತಾರೆ.

ನನ್ನ ಕೈಯಲ್ಲಿದ್ದ ಮೊರ ಜಾರಿತು. ನರ್ಸಮ್ಮ ಹೋದ ಮೇಲೆ ನಮ್ಮತ್ತೆ ಎದ್ದು ಸೆರಗು ಸಿಕ್ಕಿಸಿದಳು.

"ಜನಾ ಬೇಕಂತೇನು ಅವರಿಗೆ? ನಾ ಕೊಡ್ತೀನಿ ಜನಾ."

ಆ ವಾರವೆಲ್ಲ ಆಕೆ ಓಣಿ ತಿರುಗಿದಳು. ಮಾಸ್ತರರಿಗೆ ಮಾತ್ರ ಸುಳಿವು ಸಿಗಲಿಲ್ಲ. ಆಯ್ತವಾರ ಅವರು ಎಂದಿನಂತೆ ಹಳಿ ಬಾರಿಸಿ ಓಣಿಯ ತುದಿ ನೋಡಿದರೆ, ಹೆಂಗಸರು ಸಾಲಾಗಿ ಬರುತ್ತಿದ್ದಾರೆ! ಎಲ್ಲರೂ ತಲೆ ತುಂಬ ಸೆರಗು ಹೊದ್ದು, ಹಣೆಗೆ ಕುಂಕುಮ ಇಟ್ಟು, ಕೈಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಎಣ್ಣೆಯ ಬಟ್ಟಲು ಹಿಡಿದಿದ್ದರು. ದೇವರ ಹತ್ತಿರ ಬರಿಗೈಲಿ ಹೋಗಬಾರದು ಎನ್ನುವುದಷ್ಟೇ ಅವರಿಗೆ ಗೊತ್ತು. ಗಂಡಸರು ಬಾಗಿಲಲ್ಲಿ ನಿಂತರು. ನಾನು ಹೊಟ್ಟೆ ಹೊತ್ತುಕೊಂಡು ಗೋಡೆಗೊರಗಿ ಕೂತೆ. ಕುರ್ಚಿಯಲ್ಲಿ ಕೂತಿದ್ದ ಹಿರಿಯರ ಮುಖ ಅರಳಿತು. ಅವರು ಒಳ್ಳೆಯ ಮನುಷ್ಯರೇ, ನಾನು ಸುಳ್ಳು ಹೇಳಬಾರದು.

ಮಾಸ್ತರರಿಗೆ ಅಂದು ಸತ್ಯವೇದದ ಪುಟವೇ ಸಿಗಲಿಲ್ಲ. ನರ್ಸಮ್ಮ ಹಾಡು ಎತ್ತಿಕೊಂಡರೆ ನಮ್ಮ ಹೆಂಗಸರು ಭಜನೆಯ ಚಪ್ಪಾಳೆ ಹಾಕಿದರು. ಪ್ರಾರ್ಥನೆ ಮುಗಿದದ್ದೇ ತಡ, ಎದುರು ಮನೆಯ ಮುದುಕಿ ಎದ್ದು ಹೊಸ್ತಿಲಿಗೆ ಕುಂಕುಮ ಹಚ್ಚಿ, ಟಪ್ಪೆಂದು ಕಾಯಿ ಒಡೆದು, ಹಿರಿಯರ ಮುಂದೆ ಅಂಗೈ ಚಾಚಿ "ತೀರ್ಥ ಕೊಡ್ರಿ," ಎಂದಳು.

ಹಿರಿಯರು ಮಾಸ್ತರರ ಕಡೆ ತಿರುಗಿದರು. "ಇವರೆಲ್ಲಾ ಸಭೆಗೆ ಬರೋ ಮಂದಿ ಏನ್ರಿ?"

ನಾನು ಮಾಸ್ತರರ ಮುಖವನ್ನೇ ನೋಡುತ್ತಿದ್ದೆ. ಹೂಂ ಅನ್ನಿ, ಒಂದು ಸಲ ಹೂಂ ಅನ್ನಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಇಲ್ರಿ," ಎಂದರು ಮಾಸ್ತರರು. "ಇವರು ನಮ್ಮ ಓಣಿಯವರು. ಇವತ್ತ ಮೊದಲನೇ ಸಲ ಬಂದಾರ."

"ವಾರಾ ವಾರಾ ಬರ್ತೀವ್ರಿ," ಎಂದು ನಮ್ಮತ್ತೆ ನಡುವೆ ಬಾಯಿ ಹಾಕಿದಳು.

ಮಾಸ್ತರರು ಆಕೆಗೆ ಕೈ ಮುಗಿದರು. "ಅಕ್ಕಾರ, ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ. ಇಷ್ಟು ದಿನಾ ಖಾಲಿ ಗಾಡಿ ಓಡಿಸೀನಿ, ಅದು ತಪ್ಪಲ್ಲ. ತುಂಬೈತಿ ಅಂತ ರಿಜಿಸ್ಟರದಾಗ ಬರದ್ರ ತಪ್ಪು."

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ ಇರುವಂಥದ್ದು. ಎದ್ದು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಈ ಮುದುಕನಿಗೆ ಒಂದು ಮಾತು ನುಂಗಿದ್ದರೆ ಗಂಟೇನು ಹೋಗುತ್ತಿತ್ತು? ಅವರ ದೇವರು ಅಷ್ಟಕ್ಕೇ ಮುನಿಯುತ್ತಿದ್ದನೇ? ನನ್ನ ಕೂಸಿಗಿಂತ ಅವರ ಸತ್ಯ ದೊಡ್ಡದಾಯಿತಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಇಂದಿಗೂ ಆ ಸಿಟ್ಟಿಗೆ ನಾನು ನಾಚುವುದಿಲ್ಲ. ನನ್ನ ಹೊಟ್ಟೆಯ ಜಾಗದಲ್ಲಿ ಯಾರಿದ್ದರೂ ಅಷ್ಟೇ ಅಳುತ್ತಿದ್ದರು.

ಗೋಡೆಯ ಆಚೆ ಹಿರಿಯರು ಮೆತ್ತಗೆ ಮಾತಾಡುತ್ತಿದ್ದರು. ಯಲಬುರ್ಗಾದವರು ಕಾಯುತ್ತಿದ್ದಾರೆ, ಈ ತಿಂಗಳು ಮುಗಿಯುವುದರೊಳಗೆ ಅಲ್ಲಿಗೆ ಹೋಗಬೇಕು ಎಂದರು. ಆಗ ನರ್ಸಮ್ಮನ ದನಿ ಕೇಳಿಸಿತು.

"ಇವರು ಹೋಗ್ತಾರ್ರಿ. ನಾ ಬರಂಗಿಲ್ಲ."

"ಗಂಡ ಹೆಂಡತಿ ಕೂಡೇ ಇರಬೇಕಲ್ರಿ ತಾಯಿ?"

"ಇಷ್ಟು ವರ್ಷ ಕೂಡೇ ಅದೀವ್ರಿ, ಎರಡು ತಿಂಗಳಿಗೆ ಏನೂ ಕೆಡಂಗಿಲ್ಲ. ಈ ಮಗಳು ಹಡದು, ಕೂಸಿಗೆ ನೀರು ಹಾಕಿ, ಆಮ್ಯಾಲೆ ಬರ್ತೀನಿ."

ಮಾಸ್ತರರು ಏನೆನ್ನುತ್ತಾರೋ ಎಂದು ನಾನು ಗೋಡೆಗೆ ಕಿವಿ ಹಚ್ಚಿದೆ. "ಆಕಿ ಹೇಳೂದು ಬರೋಬರಿ ಐತ್ರಿ," ಎಂದರು. ನನಗೆ ಜೀವ ಬಂದಂತಾಯಿತು. ಅಳು ಮಾತ್ರ ನಿಲ್ಲಲಿಲ್ಲ.

ಮಾಸ್ತರರು ಒಂದು ಟ್ರಂಕು ಹಿಡಿದು ಯಲಬುರ್ಗಾ ಬಸ್ಸು ಹತ್ತಿದರು. ಗಡಿಯಾರ, ಹಳಿ ಎರಡನ್ನೂ ಇಲ್ಲೇ ಬಿಟ್ಟರು. "ಒಂಬತ್ತಕ್ಕ ತಪ್ಪಸಬ್ಯಾಡ," ಎಂದು ಹೆಂಡತಿಗೆ ಹೇಳಿದ್ದು ಅಷ್ಟೇ. ವಾರದ ನಡುವೆ ಬಿಡುವು ಮಾಡಿಕೊಂಡು ಬರುತ್ತಿದ್ದರು, ಬಂದವರೇ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಿಟ್ಟು ಸಂಜೆಯ ಬಸ್ಸಿಗೆ ವಾಪಸು ಹೋಗುತ್ತಿದ್ದರು. ನನ್ನ ಸಿಟ್ಟು ಹೆಚ್ಚು ದಿನ ಉಳಿಯಲಿಲ್ಲ. ಸುಳ್ಳೊಂದು ಹೇಳಿದ್ದರೆ ಹೆಂಡತಿಯ ಕೈಯ ಬಿಸಿ ರೊಟ್ಟಿ ಬಿಡಬೇಕಾಗುತ್ತಿರಲಿಲ್ಲ ಆ ಮನುಷ್ಯ. ಸತ್ಯ ಹೇಳಿ ಮೊದಲು ತಾನೇ ನಷ್ಟ ತಿಂದವರು ಅವರು.

ನಮ್ಮತ್ತೆಯೂ ಬದಲಾದಳು. ಒಂದು ಸಂಜೆ ನರ್ಸಮ್ಮ ಒಬ್ಬರೇ ಸ್ಟೌ ಹಚ್ಚುತ್ತಿದ್ದುದನ್ನು ನೋಡಿ "ಒಬ್ಬಾಕಿಗೆ ಏನ್ ಬೇಯಿಸ್ಕೋತಿ? ಒಳಗ ಬಾ," ಎಂದು ಕೈ ಹಿಡಿದು ಅಡುಗೆಮನೆಗೆ ಕರೆತಂದು ಮಣೆ ಹಾಕಿದಳು. ನಾನು ರೊಟ್ಟಿ ಬಡಿದು ಇಬ್ಬರಿಗೂ ಹಾಕಿದೆ. ಆಯ್ತವಾರ ನರ್ಸಮ್ಮ ತಾವೇ ಹಳಿ ಬಾರಿಸಿ, ಒಬ್ಬರೇ ಕೂತು ಓದಿ, ಹಾಡಿ, ಪ್ರಾರ್ಥನೆ ಮಾಡುತ್ತಿದ್ದರು. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ.

ಬೇನೆ ಶುರುವಾದದ್ದೂ ಒಂದು ಆಯ್ತವಾರ, ಬೆಳಕು ಹರಿಯುವ ಹೊತ್ತಿಗೆ. ನರ್ಸಮ್ಮ ಕತ್ತರಿ ಕುದಿಸಿ, ಕೈ ತೊಳೆದು, ಕಣ್ಣು ಮುಚ್ಚಿ ಒಂದು ಗಳಿಗೆ ಪ್ರಾರ್ಥಿಸಿದರು. ನಮ್ಮತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊತ್ತೇರಿತು. ಕೂಸು ಬರಲೊಲ್ಲದು. ನರ್ಸಮ್ಮನ ಹಣೆಯ ಮೇಲೆ ಬೆವರು ಕಂಡಾಗ ನನಗೆ ಹೆದರಿಕೆಯಾಯಿತು. ಈ ಸಲವೂ ಹೋಯಿತು ಎಂದುಕೊಂಡೆ. ಆಗ ಮುಂಭಾಗದ ಕೋಣೆಯಲ್ಲಿ ಗಡಿಯಾರ ಹೊಡೆಯಿತು. ನರ್ಸಮ್ಮ ಒಂದು ಕ್ಷಣ ಆ ಕಡೆ ಮುಖ ತಿರುಗಿಸಿದರು. ಕೈ ಬಿಟ್ಟು ಏಳುವಂತಿರಲಿಲ್ಲ.

"ಒಂಬತ್ತಾತು," ಎಂದರು ತಮ್ಮಷ್ಟಕ್ಕೆ. "ಇರಲಿ. ತಿಣುಕು ಮಗಳ, ತಿಣುಕು."

ನಮ್ಮತ್ತೆ ಕೆಲ ಹೊತ್ತು ನನ್ನ ಬೆವರು ಒರೆಸುತ್ತ ಕೂತಿದ್ದಳು. ಆಮೇಲೆ ನನ್ನ ತಲೆಯನ್ನು ಮೆಲ್ಲಗೆ ದಿಂಬಿನ ಮೇಲಿಟ್ಟು ಎದ್ದು ಹೋದಳು. ಬಿಸಿನೀರಿಗೆ ಹೋದಳೆಂದು ನಾನು ತಿಳಿದೆ. ಅಷ್ಟರಲ್ಲಿ ಹೊರಗೆ ಹಳಿ ಬಡಿದುಕೊಳ್ಳತೊಡಗಿತು. ಮಾಸ್ತರರ ತೂಕದ ಹೊಡೆತವಲ್ಲ ಅದು. ತೆನೆಗೆ ಬಿದ್ದ ಹಕ್ಕಿ ಓಡಿಸಲು ಡಬ್ಬಿ ಬಡಿದಂತೆ, ನಿಲ್ಲಿಸದೆ, ಎಗ್ಗಿಲ್ಲದೆ ನಮ್ಮತ್ತೆ ಬಡಿಯುತ್ತಿದ್ದಳು. ನರ್ಸಮ್ಮನ ಕಣ್ಣು ತುಂಬಿ ಬಂತು. ಆದರೆ ಕೈ ಅಲುಗಲಿಲ್ಲ. ಆ ಸದ್ದು ಇನ್ನೂ ನಿಂತಿರಲಿಲ್ಲ, ನನ್ನ ಮಗಳು ಹೊರಗೆ ಬಂದು ಓಣಿಗೆಲ್ಲ ಕೇಳುವಂತೆ ಅತ್ತಳು.

ನನಗೆ ದಿನ ತುಂಬಿವೆಯೆಂದು, ಅಲ್ಲಿಯ ಆರಾಧನೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಮಾಸ್ತರರು ಬಂದರು. ಹಳಿ ತಡವಾಗಿ, ಅದೂ ವಿಚಿತ್ರವಾಗಿ ಬಡಿದುಕೊಂಡಿತು ಎಂದು ಬಸ್‌ಸ್ಟ್ಯಾಂಡಿನಲ್ಲೇ ಯಾರೋ ಹೇಳಿದ್ದರಂತೆ. ಹೆಂಡತಿಗೆ ಏನಾಯಿತೋ ಎಂದು ಗಾಬರಿಯಿಂದ ಓಡುತ್ತಲೇ ಬಂದಿದ್ದರು. ಹೆಂಡತಿ ಗಟ್ಟಿಯಾಗಿರುವುದನ್ನು ಕಂಡ ಮೇಲೆ ಬಾಗಿಲಲ್ಲಿ ನಿಂತು ಕೇಳಿದರು:

"ಇವತ್ತ ಹಳಿ ಯಾರು ಬಾರಿಸಿದ್ರಿ?"

"ನಾನ ಬಾರಿಸೀನಿ," ಎಂದಳು ನಮ್ಮತ್ತೆ. "ಜರಾ ತಡಾ ಆತು. ಹಂಗ ಬರಕೋರಿ ಬೇಕಾದ್ರ. ಸುಳ್ಳ ಹೇಳಂಗಿಲ್ಲ ನೋಡ್ರಿ ನಾವು."

ನಮ್ಮತ್ತೆ ಕೂಸನ್ನು ತಂದು ತೋರಿಸಿದಳು. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ತಡಾ ಆದ್ರೇನಾತ್ರಿ ಅಕ್ಕಾರ," ಎಂದರು. "ಗಾಡಿ ಖಾಲಿ ಬಂದಿಲ್ಲ."

ಅಷ್ಟು ಹೇಳಿ ತೋಳು ಮಡಚಿಕೊಂಡು ಹಿತ್ತಲಿಗೆ ಹೋಗಿ, ಬೆಳಗಿನಿಂದ ಬಿದ್ದಿದ್ದ ನಮ್ಮ ಮನೆಯ ಮುಸುರೆ ತಿಕ್ಕಲು ಕೂತರು.