ಮೆಟ್ಟಿಲು ಹತ್ತಿ ಬರುವ ಉತ್ತರ

ಬೆಳಗಿನ ಐದೂವರೆ. ಆಸ್ಪತ್ರೆಯ ವಿಚಾರಣೆ ಕೌಂಟರಿನ ಫೋನು ಎರಡನೇ ಸಲ ಬಡಿದುಕೊಳ್ಳುವ ಮೊದಲೇ ಅಲ್ಲಿ ಕೂತ ಹೆಂಗಸು ಎತ್ತುತ್ತಾರೆ. ಆ ಕಡೆ ಒಬ್ಬರು ಮುದುಕರು. ಅವರ ಹೆಂಡತಿ ಎರಡನೇ ಮಹಡಿಯ ವಾರ್ಡಿನಲ್ಲಿದ್ದಾರೆ.

“ರಾತ್ರಿ ನಿದ್ದೆ ಮಾಡಿದ್ಲೇನಮ್ಮಾ?”

“ಇರಿ ಅಜ್ಜಾ, ನೋಡ್ಕೊಂಡು ಬರ್ತೀನಿ.”

ರಿಸೀವರನ್ನು ಬಾಗಿಲ ಕಾವಲುಗಾರನ ಕೈಗಿತ್ತು ಆಕೆ ಮೆಟ್ಟಿಲು ಹತ್ತುತ್ತಾರೆ. ಮಂಡಿನೋವು, ಹೆಜ್ಜೆಹೆಜ್ಜೆಗೂ ಕಂಬಿ ಹಿಡಿಯಬೇಕು. ಕೆಳಗೆ ಕಾವಲುಗಾರ ಮುದುಕರನ್ನು ಮಾತಿಗೆಳೆಯುತ್ತಾನೆ: “ನಮ್ಮಕ್ಕಂದು ಗೂಡ್ಸ್ ಗಾಡಿ ಅಜ್ಜಾ. ಲೇಟಾದ್ರೂ ಬಂದೇ ಬರುತ್ತೆ.”

ಏದುಸಿರು ಬಿಡುತ್ತಾ ಗೂಡ್ಸ್ ಗಾಡಿ ಮರಳುತ್ತದೆ. “ಎಡಕ್ಕೆ ಹೊರಳಿ ಮಲಗಿದಾರೆ. ಹೊದಿಕೆ ಒದ್ದಿದ್ರು, ಹೊದಿಸಿ ಬಂದೆ.”

ಆ ಕಡೆ ಸಣ್ಣ ನಗು. “ಮದುವೆ ಆದಾಗಿಂದ್ಲೂ ಹಾಗೇ ಕಣಮ್ಮ, ಒದೀತಾಳೆ.”

ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕೆ ‘ಹಲೋ ಅಕ್ಕ’. ಈ ಕುರ್ಚಿಗೆ ಬಂದು ಇಪ್ಪತ್ತೆರಡು ವರ್ಷ. ಆಗ ನಾಲ್ಕು ಕುರ್ಚಿಗಳಿದ್ದವು, ದಿನಕ್ಕೆ ಆರುನೂರು ಕರೆ. ಈಗ ಕರೆಗಳಿಗೆಲ್ಲ ಕೃತಕ ಬುದ್ಧಿಮತ್ತೆಯ ನಯವಾದ ದನಿ ಉತ್ತರಿಸುತ್ತದೆ. ಅದರ ಜೊತೆ ಏಗಲಾರದವರು, ಗುಂಡಿ ಒತ್ತಲು ಬಾರದವರು, ಅಳುವವರು, ಹೀಗೆ ನಲವತ್ತು ಜನ ಮಾತ್ರ ಆಕೆಯ ಪಾಲು. ಒಂದು ಕರೆಗೆ ಎರಡು ನಿಮಿಷ ಎಂಬುದು ನಿಯಮ. ಆಕೆಯದು ಆರು. ಉಳಿದಿರುವ ಈ ಒಂದು ಕುರ್ಚಿಯೂ ಬೇಕೇ ಎಂದು ತಿಂಗಳ ಕೊನೆಗೆ ತೀರ್ಮಾನಿಸುವುದಾಗಿ ಮ್ಯಾನೇಜರು ಹೇಳಿಬಿಡುತ್ತಾರೆ.

ಅಷ್ಟೇ ಅಲ್ಲ, ಯಂತ್ರಕ್ಕೆ ಇನ್ನೂ ಬಾರದ ಉತ್ತರಗಳನ್ನು ಕಲಿಸುವ ಕೆಲಸವೂ ಆಕೆಯ ತಲೆಗೇ ಬರುತ್ತದೆ. ಮನೆಯಲ್ಲಿ ಮಗಳಿಗೆ ಸಿಟ್ಟು. “ಕೂತಿರೋ ಕುರ್ಚಿಗೆ ನೀನೇ ಗರಗಸ ಹಾಕ್ತಿದೀಯಲ್ಲಮ್ಮಾ!”

“ಫೋನ್ ಮಾಡೋರು ದಾರಿ ತಪ್ಪಬಾರ್ದಲ್ವೇನೇ?”

ಮೂರು ದಿನ ಒಬ್ಬ ಎಂಜಿನಿಯರ್ ಹುಡುಗಿ ಪಕ್ಕದಲ್ಲಿ ಕೂತು ಪ್ರಶ್ನೆ ಓದುತ್ತಾಳೆ, ಅಕ್ಕ ಒಂದನ್ನೂ ಬಚ್ಚಿಡದೆ ಹೇಳಿಕೊಡುತ್ತಾರೆ. ಎಕ್ಸ್‌ರೇ ಎಲ್ಲಿ, ಮಕ್ಕಳ ಡಾಕ್ಟರು ಎಷ್ಟೊತ್ತಿಗೆ, ಗಾಲಿಕುರ್ಚಿ ಯಾರನ್ನು ಕೇಳಬೇಕು, ಎಲ್ಲಾ. ‘ರೋಗಿ ಹೇಗಿದ್ದಾರೆ?’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ.

“ನೋಡ್ದೇ ಹೇಗ್ ಹೇಳ್ಲಿ?”

“ಕಂಪ್ಯೂಟರಲ್ಲಿ ಬರೆದಿರ್ತಾರಲ್ಲ ಆಂಟಿ, ‘ಸ್ಥಿರ’ ಅಂತ.”

“ಅದು ರಾತ್ರಿ ಹತ್ತು ಗಂಟೆದು. ಈಗ ಬೆಳಗಾಗಿದೆಯಲ್ಲ ಮಗಳೇ.”

ಹುಡುಗಿ ‘ಸ್ಥಿರ’ ಎಂದು ಹೊಡೆದದ್ದನ್ನು ಅಳಿಸುತ್ತಾಳೆ. ಆಮೇಲೆ ಆ ಜಾಗವನ್ನು ಖಾಲಿ ಬಿಟ್ಟು, ಈ ಪ್ರಶ್ನೆ ಬಂದರೆ ಕರೆ ನೇರ ಅಕ್ಕನ ಮೇಜಿಗೇ ಹೋಗುವಂತೆ ಮಾಡುತ್ತಾಳೆ. ಮ್ಯಾನೇಜರು ಗೊಣಗುತ್ತಾರೆ. ಆದರೆ ಮರುವಾರವೇ ಆ ಒಂದು ಪ್ರಶ್ನೆಗೆ ದಿನಕ್ಕೆ ಐವತ್ತು ಕರೆ ಬರತೊಡಗಿದಾಗ, “ಆರು ತಿಂಗಳು ನೋಡೋಣ” ಎನ್ನುತ್ತಾರೆ.

ಅಕ್ಕನಿಗೆ ಅದೇನೂ ಗೆದ್ದ ಸಂಗತಿಯಲ್ಲ. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕಾವಲುಗಾರನಿಗೆ ಹೇಳುತ್ತಾರೆ: “ಮುಂದೊಂದಿನ ನಾನೂ ಆ ವಾರ್ಡಲ್ಲಿ ಮಲಗ್ತೀನಲ್ಲ. ಆಗ ನನ್ ಮಗಳು ಫೋನ್ ಮಾಡಿದ್ರೆ ಯಾರಾದ್ರೂ ಒಬ್ರು ಎದ್ದು ಬಂದು ನನ್ ಮುಖ ನೋಡ್ಕೊಂಡ್ ಹೋಗ್ಲಿ. ಅಷ್ಟೇ.”