ಬೀಗದ ಕೈ ಇತ್ತು, ಬಾಗಿಲಿರಲಿಲ್ಲ

ಬೀಗದ ಕೈ ಕಳೆದುಹೋದರೆ ನನಗೆ ಗಾಬರಿಯಾಗುವುದಿಲ್ಲ. ನಮ್ಮ ಕಡೆ ಅದಕ್ಕೆ ಗುಂಡುಕಲ್ಲಿನ ಚಿಕಿತ್ಸೆ ಇದೆ. ಆದರೆ ಬೀಗದ ಕೈ ಅಂಗೈಯಲ್ಲೇ ಇದ್ದು ಬಾಗಿಲೇ ಕಾಣೆಯಾದರೆ? ಎರಡು ಸಾವಿರದ ಇಸವಿ ದಾಟಿದ ಹೊಸತು. ಹೊಳಲ್ಕೆರೆಯಲ್ಲಿ ಲಗ್ನಪತ್ರಿಕೆ ಟೈಪು ಮಾಡಿಕೊಡುತ್ತ, ಅಷ್ಟಕ್ಕೇ ಕಂಪ್ಯೂಟರ್ ಪಂಡಿತನೆಂದು ಮೆರೆಯುತ್ತಿದ್ದ ನನಗೆ ಆ ಪರೀಕ್ಷೆ ಬಂತು. ಅಣ್ಣ ತೀರಿಕೊಂಡು ಆಗ ಕೆಲವು ತಿಂಗಳಾಗಿತ್ತು.

ಅಣ್ಣ ಹಿರಿಯೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ನನ್ನಿಂದ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಲಿತು ನನ್ನನ್ನೇ ಮೀರಿಸಿದವನು. ಹಳೇ ನಾಟಕದ ಹಾಡುಗಳೆಂದರೆ ಪ್ರಾಣ. ಆದರೆ ಯಾರಾದರೂ ಕೇಳಿಯಾರೆಂಬ ನಾಚಿಕೆ. ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ಹಾಡಿ, ಹಾಡಿದ್ದನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ ಡಿಸ್ಕಿಗೇ ಬೀಗ ಹಾಕಿಬಿಡುತ್ತಿದ್ದ. ಒಡವೆ ಇಟ್ಟವರೂ ಅಷ್ಟು ಭದ್ರ ಮಾಡುವುದಿಲ್ಲ. "ಪಾಸ್‌ವರ್ಡು ನಿಮ್ಮತ್ತಿಗೆಗೆ ಹೇಳೀನಿ ಕಣಲೇ. ಅವಳ ಬಾಯಿಂದ ಅದು ಯಾವತ್ತೂ ಹೊರಗೆ ಬರಲ್ಲ," ಎಂದು ನಗುತ್ತಿದ್ದ. ಯಾಕೆ ಬರುವುದಿಲ್ಲ ಎಂದು ನಾನು ಕೇಳಲಿಲ್ಲ.

ಎದೆನೋವು ಎಂದವನು ಚಿತ್ರದುರ್ಗದ ಆಸ್ಪತ್ರೆ ಮುಟ್ಟಲಿಲ್ಲ. ಫೋಟೋಗಳೇನೋ ಮನೆಯಲ್ಲಿ ಬೇಕಾದಷ್ಟಿದ್ದವು, ದನಿ ಎಲ್ಲೂ ಇರಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಆ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು. "ಅವ್ರ ದನಿ ಮರೆತೋಗ್ತಾ ಐತೆ ಕಣಪ್ಪ. ಒಂದ್ಸಲ ಕೇಳ್ಸು, ಸಾಕು."

ಡಿಸ್ಕನ್ನು ನನ್ನ ಹೊಸ ಕಂಪ್ಯೂಟರಿಗೆ ಜೋಡಿಸಿದೆ. ಗುರ್ರೆಂದು ತಿರುಗಿತು. ಬೀಗ ತೆಗೆಯಬೇಕಾದ ತಂತ್ರಾಂಶ ಮಾತ್ರ ಪಾಸ್‌ವರ್ಡ್ ಕೇಳುವ ಸೌಜನ್ಯವನ್ನೂ ತೋರದೆ, ಅಂಥ ಸಾಧನವೇ ಇಲ್ಲ ಎಂದಿತು. ಲಿನಕ್ಸಿನ ಪದ್ಧತಿ ಹಾಗೆ. ಪ್ರತಿಯೊಂದು ಸಾಧನಕ್ಕೂ 'ಡೆವ್' ಎಂಬ ಕೋಣೆಯಲ್ಲಿ ಒಂದು ಹೆಸರಿರಬೇಕು. ಹೆಸರಿಲ್ಲದಿದ್ದರೆ ವಸ್ತು ಕಣ್ಣೆದುರಿಗಿದ್ದರೂ ಇಲ್ಲ. ನಮ್ಮ ಲೋಕದ್ದು ಇದಕ್ಕೆ ತಿರುಗುಮುರುಗು: ಹೆಸರು ಉಳಿದಿರುತ್ತದೆ, ಮನುಷ್ಯ ಇರುವುದಿಲ್ಲ. ಎರಡರಲ್ಲಿ ಯಾವುದು ವಾಸಿಯೋ ನನಗಿನ್ನೂ ತಿಳಿದಿಲ್ಲ.

ಮಧ್ಯಾಹ್ನದವರೆಗೆ ಏನೇನೋ ಮಾಡಿದೆ. ಕೇಬಲ್ ಬದಲಿಸಿದೆ, ಆರಿಸಿ ಹಚ್ಚಿದೆ, ಕಂಪ್ಯೂಟರಿನ ವಂಶವನ್ನೆಲ್ಲ ಬೈದೆ. ಹಿಂದೆಲ್ಲ ಹೀಗೆ ಸಿಕ್ಕಿಕೊಂಡಾಗ ಅಣ್ಣನಿಗೆ ಫೋನು ಮಾಡುತ್ತಿದ್ದೆ. ಅಂದೂ ಕೈ ಫೋನಿನ ಕಡೆ ಹೋಯಿತು. "ಆಗ್ಲಿಲ್ಲಾಂದ್ರೆ ಬಿಡಪ್ಪ," ಎಂದು ಅತ್ತಿಗೆ ಟವೆಲ್ಲು ಮಡಿಸತೊಡಗಿದಾಗ ನನಗೆ ಅಳುವೇ ಬಂತು.

ಅಳುತ್ತಲೇ ಹೊಳೆಯಿತು. ಆ ಹೆಸರನ್ನು ಹುಟ್ಟಿಸಿಕೊಡಬೇಕಾದ ಪುಟ್ಟ ಭಾಗವೊಂದು ನನ್ನ ಹೊಸ ವ್ಯವಸ್ಥೆಯಲ್ಲಿ ಎದ್ದೇ ಇರಲಿಲ್ಲ. ಒಂದು ಸಾಲಿನ ಆಜ್ಞೆ ಕೊಟ್ಟು ಎಬ್ಬಿಸಿದೆ. ಕೋಣೆಯಲ್ಲಿ ಹೆಸರು ಮೂಡಿತು, ತಂತ್ರಾಂಶ ಪಾಸ್‌ವರ್ಡ್ ಕೇಳಿತು.

"ಏನತ್ತಿಗೆ ಅದು?"

ಅತ್ತಿಗೆ ತಲೆ ತಗ್ಗಿಸಿದರು. "ನಿಮ್ಮಣ್ಣನ ಹೆಸ್ರೇ ಕಣಪ್ಪ."

ಗಂಡನ ಹೆಸರು ಹೇಳದ ಹೆಂಡತಿಯ ಬಾಯಿಗಿಂತ ಭದ್ರವಾದ ತಿಜೋರಿ ಎಲ್ಲಿ ಸಿಕ್ಕೀತು! ಕೀಬೋರ್ಡನ್ನು ಅವರ ಕಡೆ ಸರಿಸಿದೆ. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಒತ್ತಿದರು.

ಮೊದಲ ಫೈಲು ತೆರೆದೆ. ಹಾಡಲ್ಲ. ಕುರ್ಚಿ ಎಳೆದ ಸದ್ದು, ಒಂದು ಕೆಮ್ಮು, ಆಮೇಲೆ ಮೈಕು ಪರೀಕ್ಷಿಸುತ್ತ ಅಡಿಗೆಮನೆಯ ಕಡೆ ಕೂಗಿದ ಅಣ್ಣ: "ಲೇ, ಕೇಳಿಸ್ತೈತೇನೇ?"

ಅಂದು ಅತ್ತಿಗೆ ಯಾವ ಕೆಲಸದಲ್ಲಿದ್ದರೋ, ರೆಕಾರ್ಡಿಂಗಿನಲ್ಲಿ ಉತ್ತರವಿರಲಿಲ್ಲ.

ಪಕ್ಕದ ಸ್ಟೂಲಿನಲ್ಲಿದ್ದ ಅತ್ತಿಗೆ ಸೆರಗು ಸರಿಮಾಡಿಕೊಂಡು, ತುಸು ಗಟ್ಟಿಯಾಗಿಯೇ, "ಹ್ಞೂಂ ಕಣ್ರೀ, ಕೇಳಿಸ್ತೈತೆ," ಎಂದರು.